ಅರವತ್ತು ದಿನದ ಮೂಗು

ಕರಿಗುಡ್ಡ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಓದುವವರಿಗೂ ಪರಿಸರ ಅಧ್ಯಯನದ ಪತ್ರಿಕೆ ಕಡ್ಡಾಯವಾಗಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಆ ಪರೀಕ್ಷೆ ಮುಗಿದ ಕೂಡಲೇ ಡಾ. ಇಂದುಮತಿ ಪಟ್ಟಣಶೆಟ್ಟಿ ಗೋಣಿಚೀಲ ಹಿಡಿದು ಪರೀಕ್ಷಾ ಭವನದ ಸುತ್ತ ಒಂದು ಸುತ್ತು ಹಾಕಿದರು. 'ಪ್ಲಾಸ್ಟಿಕ್ಕಿನಿಂದ ಜೀವಸಂಕುಲಕ್ಕೆ ಆಗುವ ಹಾನಿಯನ್ನು ವಿವರಿಸಿ' ಎಂಬ ಪ್ರಶ್ನೆಗೆ ಎರಡೆರಡು ಪುಟ ಬರೆದು ಬಂದವರು ಮೆಟ್ಟಿಲ ಮೇಲೆ, ಕಿಟಕಿಯ ಸಂದಿಯಲ್ಲಿ, ಬೇವಿನ ಮರದ ಬುಡದಲ್ಲಿ ಬಿಟ್ಟುಹೋಗಿದ್ದ ನೀರಿನ ಬಾಟಲಿಗಳು ನಾನೂರ ಹನ್ನೆರಡು. ಆ ಭವನದಲ್ಲಿ ಪರೀಕ್ಷೆ ಬರೆದವರು ನಾನೂರ ಮೂವತ್ತು ಜನ.

ಇಂದುಮತಿ ನರವಿಜ್ಞಾನಿ. ಐವತ್ತರ ಆಸುಪಾಸಿನ, ದನಿ ಎತ್ತದೆ ಮಾತಾಡುವ ಹೆಂಗಸು. ಮರುವಾರ ಆ ಚೀಲವನ್ನು ವಿಶ್ವವಿದ್ಯಾಲಯದ ಆಡಳಿತ ಸಭೆಯ ಮೇಜಿನ ಮೇಲೆ ಸುರಿದರು.

"ಇವರಿಗೆ ತಿಳಿವಳಿಕೆ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಎಲ್ಲರೂ ಎರಡೆರಡು ಪುಟ ಉತ್ತರ ಬರೆದಿದ್ದಾರೆ. ಆದರೆ ತಿಳಿವಳಿಕೆ ಇರೋದು ತಲೆಯಲ್ಲಿ, ಹೇಸಿಗೆ ಹುಟ್ಟೋದು ಮೂಗಿನಲ್ಲಿ. ಸತ್ತ ಇಲಿಯನ್ನ ಮನೆಯಿಂದ ಆಚೆ ಹಾಕೋಕೆ ಯಾರಿಗೂ ಪಾಠ ಮಾಡಬೇಕಾಗಿಲ್ಲ."

ಅವರ ಪ್ರಯೋಗಾಲಯದಲ್ಲಿ ಐದು ವರ್ಷಗಳಿಂದ ನಡೆದಿದ್ದ ಕೆಲಸ ಅದೇ. ಮೂಗಿನ ಮೇಲ್ಭಾಗದ ತೆಳುಪೊರೆಯಲ್ಲಿ ವಾಸನೆ ಹಿಡಿಯುವ ನರಕೋಶಗಳಿರುತ್ತವೆ. ಒಂದೊಂದು ಬಗೆಯ ಕೋಶ ಒಂದೊಂದು ಬಗೆಯ ಅಣುವನ್ನು ಹಿಡಿಯುತ್ತದೆ. ಕೊಳೆತ ಹೆಣದ ವಾಸನೆಗೇ ಮೀಸಲಾದ ಕೋಶಗಳೂ ಅಲ್ಲಿವೆ. ಇಂದುಮತಿಯವರು ಒಂದು ನಿರಪಾಯಕಾರಿ ವೈರಾಣುವಿನ ಬೆನ್ನಿಗೆ ಹೊಸ ವಂಶವಾಹಿಯನ್ನು ಕಟ್ಟಿ ಇಲಿಗಳ ಮೂಗಿನ ಆ ಕೋಶಗಳೊಳಗೆ ಕಳಿಸಿದ್ದರು. ಆಮೇಲೆ ಅವು ಬಣ್ಣದ ರಾಸಾಯನಿಕ, ಕೀಟನಾಶಕ, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ, ಬ್ಯಾಟರಿಯ ಆಮ್ಲ ಇವನ್ನೂ ಹಿಡಿಯುತ್ತಿದ್ದವು. ಮಾಮೂಲಿ ಮೂಗಿಗೆ ಸುಳಿವೂ ಸಿಗದಷ್ಟು ಕಡಿಮೆ ಪ್ರಮಾಣವಿದ್ದರೂ ಸಾಕು, ಮಿದುಳಿಗೆ ಮುಟ್ಟುತ್ತಿದ್ದ ಸುದ್ದಿ ಒಂದೇ: ಇಲ್ಲೆಲ್ಲೋ ಹೆಣ ಕೊಳೆಯುತ್ತಿದೆ.

ಅದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಲು ಸಭೆ ಒಪ್ಪಿತು. ಆ ವೈರಾಣುವಿನ ದ್ರಾವಣವನ್ನು ಮೂಗಿಗೆ ಎರಡೆರಡು ಹನಿ ಬಿಟ್ಟರೆ ಆಯಿತು. ವಾಸನೆಯ ಕೋಶಗಳು ಎರಡು ತಿಂಗಳಿಗೊಮ್ಮೆ ಉದುರಿ ಹೊಸದಾಗಿ ಹುಟ್ಟುವುದರಿಂದ ಅರವತ್ತು ದಿನದಲ್ಲಿ ಎಲ್ಲ ಮೊದಲಿನಂತಾಗುತ್ತದೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿತ್ತು. ಹೊಸ ವರ್ಷದ ತರಗತಿಗಳು ಶುರುವಾದ ಮೇಲೆ, ಸೆಪ್ಟೆಂಬರಿನಲ್ಲಿ, ನೂರಿಪ್ಪತ್ತು ವಿದ್ಯಾರ್ಥಿಗಳು ಸಹಿ ಮಾಡಿದರು. ಸಹಿ ಮಾಡಿದವರಿಗೆ ಆ ವರ್ಷದ ಪರಿಸರ ಪತ್ರಿಕೆಯಲ್ಲಿ ಇಪ್ಪತ್ತೈದು ಅಂಕ ಖಾತ್ರಿ.

ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಹುಲಿಗೆಮ್ಮ ಸಹಿ ಮಾಡಿದ್ದು ಅಂಕಕ್ಕಾಗಿ ಅಲ್ಲ. ಅವಳದು ಬಳ್ಳಾರಿ. ಮನೆ ಇದ್ದ ಓಣಿಯ ಹಿಂದೆ ಜೀನ್ಸ್ ಬಟ್ಟೆ ತೊಳೆಯುವ ಕಾರ್ಖಾನೆಗಳ ನೀಲಿ ನೀರು ಹರಿಯುವ ಮೋರಿ ಇತ್ತು. ಅಪ್ಪ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವ್ವ ಸುಂಕಮ್ಮ ಅಂಥದೇ ಒಂದು ವಾಷಿಂಗ್ ಘಟಕದಲ್ಲಿ ಹದಿನೆಂಟು ವರ್ಷದಿಂದ ಪ್ಯಾಂಟು ತೊಳೆಯುತ್ತಿದ್ದಳು. ಮೊಣಕೈವರೆಗೆ ಅವಳ ಕೈ ನೀಲಿ. ಹುಲಿಗೆಮ್ಮ ಪಿಯುಸಿಯಲ್ಲಿದ್ದಾಗ ಮೋರಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಲು ಹೋಗಿದ್ದಳು. ಅಲ್ಲಿದ್ದ ಅಧಿಕಾರಿ ಬಾಟಲಿ ಮೂಸಿ ನೋಡಿ, "ವಾಸನೇನೇ ಇಲ್ವಲ್ಲಮ್ಮ," ಎಂದು ವಾಪಸು ಕೊಟ್ಟಿದ್ದ. ವಾಸನೆ ಎಂಥದೆಂದು ತಾನಾದರೂ ತಿಳಿಯಬೇಕೆಂಬ ಹಟ ಅವಳಿಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅದು ಬಂತು. ಹುಲಿಗೆಮ್ಮ ಹಾಸ್ಟೆಲಿನಲ್ಲಿ ಹಲ್ಲುಜ್ಜುತ್ತಿದ್ದಳು. ಬಚ್ಚಲ ಗೋಡೆಯ ಹಿಂದೆ ಏನೋ ಸತ್ತಿದೆ ಅನಿಸಿತು. ಕೋಣೆಗೆ ಬಂದರೆ ಜೊತೆಗಾತಿ ನಿಹಾರಿಕಾ ತನ್ನ ಉಗುರುಬಣ್ಣದ ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿ ಮೂಗು ಮುಚ್ಚಿಕೊಂಡು ಅಳುತ್ತಿದ್ದಳು. ಅವಳು ದಾವಣಗೆರೆಯ ವೈದ್ಯ ದಂಪತಿಯ ಮಗಳು.

"ಹುಲಿಗಿ, ಇಷ್ಟು ದಿನ ನಾವು ಇದರ ಮಧ್ಯದಲ್ಲೇ ಮಲಗ್ತಿದ್ವಾ?"

ವಾರದೊಳಗೆ ಆವರಣ ಬದಲಾಯಿತು. ಬಾಟಲಿ ಹೋದವು, ಲೋಟ ಹೋದವು, ಬೈಕುಗಳು ಗೇಟಿನ ಹೊರಗೇ ನಿಂತವು. ಪತ್ರಿಕೆಯವರು ಬಂದರು, ಫೋಟೋ ತೆಗೆದರು. ನೂರಿಪ್ಪತ್ತು ಜನ ಮಿಕ್ಕ ಸಾವಿರಾರು ಜನರನ್ನು ಬೈದು, ಬೆದರಿಸಿ ದಾರಿಗೆ ತಂದರು.

ಹದಿನೇಳನೆಯ ದಿನ ಗ್ರಂಥಾಲಯದ ಹಿಂದಿನಿಂದ ಹೊಗೆ ಬಂತು. ಇಪ್ಪತ್ತು ಜನ ಓಡಿದರು. ಕಸ ಗುಡಿಸುವ ದುರುಗಮ್ಮ ಒಣಗಿದ ಎಲೆಯ ಜೊತೆ ಪ್ಲಾಸ್ಟಿಕ್ ಹಾಳೆಗಳನ್ನು ಸುಡುತ್ತಿದ್ದಳು. ಯಾರೋ ಬಕೆಟ್ಟಿನ ನೀರನ್ನು ಮೊದಲು ಬೆಂಕಿಗೆ ಹಾಕಿ, ಉಳಿದದ್ದನ್ನು ಅವಳ ಮೇಲೆ ಎರಚಿದರು.

"ಇಪ್ಪತ್ತೆರಡು ವರ್ಷ ನೀವು ಒಗೆದದ್ದನ್ನ ನಾ ಸುಟ್ಟೀನಿ," ಎಂದಳು ದುರುಗಮ್ಮ ಒದ್ದೆ ಸೀರೆ ಹಿಂಡುತ್ತಾ. "ಸುಡಬ್ಯಾಡ ಅಂತೀರಲ್ಲ, ಎಲ್ಲಿಗೆ ಒಯ್ಯಲಿ ಅದನ್ನೂ ಹೇಳ್ರಿ."

ಅವರೆಲ್ಲ ಅವತ್ತೇ ಅವಳನ್ನು ತೆಗೆದುಹಾಕಬೇಕೆಂದು ಅರ್ಜಿ ಬರೆದರು. ಎರಡನೆಯ ಸಹಿ ಹುಲಿಗೆಮ್ಮನದು. ಸಹಿ ಮಾಡುವಾಗ ಅವಳಿಗೆ ಯಾವ ಅಳುಕೂ ಇರಲಿಲ್ಲ. ದುರುಗಮ್ಮನ ಮೈಯಿಂದ ಹೆಣದ ನಾತ ಬರುತ್ತಿತ್ತು, ಅದು ಬೇಗ ದೂರವಾಗಲಿ ಎಂಬುದಷ್ಟೇ ಆಗ ಅವಳ ಮನಸ್ಸಿನಲ್ಲಿದ್ದದ್ದು. ಸೋಮವಾರದಿಂದ ದುರುಗಮ್ಮ ಬರಲಿಲ್ಲ. ಪ್ರಯೋಗಾಲಯದ ಗೋಡೆಗೆ ಹಾಕಿದ್ದ ದೊಡ್ಡ ಪರದೆಯ ಮೇಲೆ ಆವರಣದ ಹೊಗೆಯ ಪ್ರಮಾಣ ತೋರಿಸುವ ಗೆರೆ ಸೊನ್ನೆಗೆ ಇಳಿಯಿತು. ಇಂದುಮತಿಯವರು ಅದರ ಚಿತ್ರ ತೆಗೆದು ವರದಿಗೆ ಸೇರಿಸಿದರು.

ಮಹಾನವಮಿ ರಜೆಗೆ ಹುಲಿಗೆಮ್ಮ ಊರಿಗೆ ಹೋದಳು. ಬಸ್ಸಿನಲ್ಲಿ ಮೂರು ಸಲ ವಾಂತಿಯಾಯಿತು. ಓಣಿಯ ಬಾಯಿಗೆ ಬಂದಾಗ ಮೋರಿಯಿಂದ ಎದ್ದ ವಾಸನೆಗೆ ಕಣ್ಣು ಕತ್ತಲೆಗಟ್ಟಿತು. ಆದರೂ ಒಳಗೊಳಗೆ ಒಂದು ಗೆದ್ದ ಖುಷಿ ಇತ್ತು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದುಕೊಂಡಳು.

ಸಂಜೆ ನಾಲ್ಕಕ್ಕೆ ಸುಂಕಮ್ಮ ಕೆಲಸದಿಂದ ಬಂದಳು. ಮಗಳನ್ನು ಕಂಡವಳೇ ಚೀಲ ಕೆಳಗಿಟ್ಟು, ಎರಡೂ ಕೈಯಲ್ಲಿ ಅವಳ ಮುಖ ಹಿಡಿದು, "ಸೊರಗೀಯಲ್ಲೇ ನನ್ನವ್ವ," ಎಂದಳು.

ಹುಲಿಗೆಮ್ಮ ಅವ್ವನ ಎದೆಗೆ ಕೈಯಿಟ್ಟು ನೂಕಿದಳು. ಸುಂಕಮ್ಮ ಗೋಡೆಗೆ ಬಡಿದು ಕುಸಿದಳು. ಹುಲಿಗೆಮ್ಮ ಹೊಸ್ತಿಲಲ್ಲೇ ಕಾರಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರು ಅದನ್ನೆಲ್ಲ ನೋಡಿದರು.

ಹುಲಿಗೆಮ್ಮ ಅಳುತ್ತಾ ಎಲ್ಲ ವಿವರಿಸಿದಳು. ಮೂಗಿನ ಹನಿ, ಕೋಶ, ಅರವತ್ತು ದಿನ. ಸುಂಕಮ್ಮನಿಗೆ ತಿಳಿದದ್ದು ಅರವತ್ತು ದಿನ ಎಂಬುದೊಂದೇ.

"ಅಷ್ಟ ಅಲ್ಲೇನು? ಆಗಲಿ ಬಿಡು. ನಾ ಜಳಕಾ ಮಾಡಿ ಬರ್ತೀನಿ ತಡಿ."

ಸೀಗೆಪುಡಿ ಹಚ್ಚಿ ತಿಕ್ಕಿದಳು, ಕಡಲೆಹಿಟ್ಟು ಹಚ್ಚಿ ತಿಕ್ಕಿದಳು, ನಿಂಬೆಹಣ್ಣು ಹಿಂಡಿ ತಿಕ್ಕಿದಳು. ಪ್ರತಿ ಸಲವೂ ಬಾಗಿಲ ತನಕ ಬಂದು, "ಈಗ ನೋಡು," ಎನ್ನುವಳು. ಹುಲಿಗೆಮ್ಮ ತಲೆ ಅಲ್ಲಾಡಿಸುವಳು. ಹದಿನೆಂಟು ವರ್ಷದ ಬಣ್ಣ ಚರ್ಮದ ಮೇಲಿರಲಿಲ್ಲ, ಬೆವರಿನಲ್ಲೇ ಇತ್ತು. ಕೊನೆಗೆ ಸುಂಕಮ್ಮ ಅಂಗಡಿಯಿಂದ ಬ್ರೆಡ್ಡು, ಬಾಳೆಹಣ್ಣು ತರಿಸಿ ಮಗಳಿಗೆ ಕೊಟ್ಟು, ತಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿಂದಳು. ಓಣಿಯವರು ಕೇಳಿದ್ದಕ್ಕೆ, "ಒಳಗ ಸೆಕಿ ಭಾಳ ಐತಿ," ಎಂದಳು. ಹುಲಿಗೆಮ್ಮ ಮರುದಿನವೇ ವಾಪಸು ಹೊರಟಳು.

ಅರವತ್ತನೆಯ ದಿನ ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆದರು. ಗಾಜಿನ ಕೊಳವೆಯೊಳಗೆ ಬಣ್ಣದ ನೀರಲ್ಲಿ ಅದ್ದಿದ ಬಟ್ಟೆಯ ಚೂರು. ಒಬ್ಬೊಬ್ಬರೇ ಮೂಸಬೇಕು. ನಿಹಾರಿಕಾ ಮೂಸಿದಳು, ಮತ್ತೆ ಮೂಸಿದಳು, ನಕ್ಕಳು. "ಏನೂ ಇಲ್ಲ ಮೇಡಂ!" ನೂರೊಂಬತ್ತು ಜನರಿಗೆ ಏನೂ ಇರಲಿಲ್ಲ. ಹುಲಿಗೆಮ್ಮ ಸೇರಿ ಹನ್ನೊಂದು ಜನ ಕೊಳವೆಯ ಮುಚ್ಚಳ ತೆಗೆಯುವ ಮೊದಲೇ ಮುಖ ತಿರುಗಿಸಿದರು.

ಇನ್ನೊಂದು ವಾರ ಕಾಯೋಣ ಎಂದರು. ನಾಲ್ಕು ವಾರ ಕಾದರು. ಅಷ್ಟರಲ್ಲಿ ನಿಹಾರಿಕಾಳ ಹುಟ್ಟುಹಬ್ಬ ಬಂತು. ಹಾಸ್ಟೆಲಿನ ತಾರಸಿಯ ಮೇಲೆ ನಲವತ್ತು ಪ್ಲಾಸ್ಟಿಕ್ ಲೋಟ, ತಟ್ಟೆ, ಬಲೂನು. ಬೆಳಿಗ್ಗೆ ಅವು ಬೇವಿನ ಮರದ ಕೆಳಗೆ ಬಿದ್ದಿದ್ದವು. ಅದು ವರದಿಯಲ್ಲಿ ಸೇರಲಿಲ್ಲ, ಏಕೆಂದರೆ ವರದಿ ಐವತ್ತೊಂಬತ್ತನೆಯ ದಿನಕ್ಕೆ ಮುಗಿದಿತ್ತು. 'ನಡವಳಿಕೆಯಲ್ಲಿ ಬದಲಾವಣೆ: ಶೇಕಡಾ ತೊಂಬತ್ತಾರು.'

ಹನ್ನೊಂದು ಜನರ ಪಟ್ಟಿಯನ್ನು ಮೊದಲು ಗಮನವಿಟ್ಟು ಓದಿದವನು ಖಾಜಾ ಮೈನುದ್ದೀನ್. ರಸಾಯನಶಾಸ್ತ್ರದ ವಿದ್ಯಾರ್ಥಿ, ಗಂಗಾವತಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನ ಮಗ, ಆ ಹನ್ನೊಂದರಲ್ಲಿ ತಾನೂ ಒಬ್ಬ. ಪಟ್ಟಿಯಲ್ಲಿ ಇಟ್ಟಿಗೆ ಭಟ್ಟಿಯವಳ ಮಗಳಿದ್ದಳು, ಹಳೆ ಬ್ಯಾಟರಿ ಒಡೆಯುವವನ ತಮ್ಮನಿದ್ದ, ಹತ್ತಿ ಹೊಲಕ್ಕೆ ಔಷಧಿ ಹೊಡೆಯಲು ಹೋಗುತ್ತಿದ್ದ ಇಬ್ಬರಿದ್ದರು. ಅವನು ಹುಲಿಗೆಮ್ಮನನ್ನು ಕರೆದುಕೊಂಡು ಇಂದುಮತಿಯವರ ಕೋಣೆಗೆ ಹೋದ.

ಅವರು ಏನನ್ನೂ ಮುಚ್ಚಿಡಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ವಾಸನೆಯ ಕೋಶಗಳ ಕೆಳಗೆ ಬೇರಿನ ಕೋಶಗಳಿರುತ್ತವೆ. ಹೊಸ ಕೋಶಗಳು ಹುಟ್ಟುವುದು ಅಲ್ಲಿಂದ. ಮೇಲಿನ ಪದರ ಗಟ್ಟಿಯಾಗಿದ್ದರೆ ಹನಿ ಅಲ್ಲೇ ನಿಲ್ಲುತ್ತದೆ. ವರ್ಷಗಟ್ಟಲೆ ಹೊಗೆ, ಆಮ್ಲ, ಬಣ್ಣ ಕುಡಿದ ಮೂಗಿನಲ್ಲಿ ಆ ಪದರ ಸವೆದಿರುತ್ತದೆ, ಹನಿ ಬೇರಿಗೇ ಇಳಿಯುತ್ತದೆ. ಇನ್ನು ಹುಟ್ಟುವ ಪ್ರತಿ ಕೋಶವೂ ಅದೇ ವಾಸನೆಯನ್ನು ಹೊತ್ತೇ ಹುಟ್ಟುತ್ತದೆ.

"ಅಂದ್ರ ಮೇಡಂ," ಎಂದ ಖಾಜಾ, "ಯಾರು ಹೊಲಸಿನಾಗ ಹುಟ್ಟಿ ಬೆಳೆದಾರೋ ಅವರಿಗಷ್ಟ ಇದು ಉಳೀತು. ಉಳಿದವರಿಗೆ ಹೋತು."

"ಹೌದು. ನಾವು ಆರಿಸಿದ ಇಲಿಗಳೆಲ್ಲ ಶುದ್ಧ ಗಾಳಿಯಲ್ಲಿ ಬೆಳೆದವು. ಅದು ನಮ್ಮ ತಪ್ಪು."

"ಸಾಯೋ ತನಕ ಇರ್ತದೇನ್ರಿ?" ಹುಲಿಗೆಮ್ಮ ಕೇಳಿದಳು.

ಇಂದುಮತಿ ಪೆನ್ನಿನ ಮುಚ್ಚಳ ಹಾಕಿದರು. "ಪರಿಹಾರ ಹುಡುಕ್ತೀವಿ. ಅಲ್ಲಿಯವರೆಗೆ ನಿಮಗೆ ಇಲ್ಲೇ ಅನುಕೂಲ ಮಾಡಿಕೊಡ್ತೀವಿ."

ಅನುಕೂಲವೆಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುತ್ತಿದ್ದ ಹಳೆಯ ಕಟ್ಟಡ. ಅದಕ್ಕೆ ಗಾಳಿ ಸೋಸುವ ಯಂತ್ರ ಕೂರಿಸಿ, ಹನ್ನೊಂದು ಮಂಚ ಹಾಕಿದರು. ಪ್ರತಿ ಶುಕ್ರವಾರ ಮೂಗಿನೊಳಗಿಂದ ಪೊರೆಯ ಚೂರು ತೆಗೆಯುತ್ತಿದ್ದರು. ಒಳಗಿದ್ದರೆ ಸುಖವಿತ್ತು. ಹೊರಗೆ ಕಾಲಿಟ್ಟರೆ ಜಗತ್ತೆಲ್ಲ ಹೆಣ.

ಖಾಜಾನಿಗೆ ತಾಳಲಾಗಲಿಲ್ಲ. ಮೂಗಿನ ಪೊರೆಯನ್ನೇ ಸುಡುವ ದ್ರಾವಣವೊಂದನ್ನು ತನ್ನ ವಿಭಾಗದಿಂದ ಕದ್ದು ತಂದು ಎರಡೂ ಹೊಳ್ಳೆಗೆ ಬಿಟ್ಟುಕೊಂಡ. ನಾಲ್ಕು ದಿನ ರಕ್ತ ಸುರಿಯಿತು. ಆಮೇಲೆ ಯಾವ ವಾಸನೆಯೂ ಇರಲಿಲ್ಲ. ಅವನು ಕುಣಿದಾಡುತ್ತಾ ಊರಿಗೆ ಹೋದ, ಅಬ್ಬಾನ ಪಕ್ಕ ಕುಳಿತು ಉಂಡ. ಹತ್ತೊಂಬತ್ತನೆಯ ದಿನ ಬೇರಿನಿಂದ ಹೊಸ ಕೋಶಗಳು ಚಿಗುರಿದವು. ಊಟದ ನಡುವೆಯೇ ಎದ್ದು ಓಡಿಬಂದವನು ಮತ್ತೆ ಅದೇ ಮಂಚದ ಮೇಲೆ ಮಲಗಿ ಗೋಡೆಯ ಕಡೆ ತಿರುಗಿಕೊಂಡ. ಇಂದುಮತಿಯವರು ಅದನ್ನೂ ಟಿಪ್ಪಣಿ ಮಾಡಿಕೊಂಡರು.

ಹುಲಿಗೆಮ್ಮ ಮನೆಗೆ ಹೋಗುವುದನ್ನು ಬಿಟ್ಟಳು. ಅವ್ವನ ಫೋನು ಬಂದರೆ ಓದುತ್ತಿದ್ದೇನೆ ಎನ್ನುವಳು. ಓಣಿಯಲ್ಲಿ ಮಾತು ಬೆಳೆಯಿತು. ಮಗಳು ಅವ್ವನನ್ನು ನೂಕಿದ್ದನ್ನು ಕಂಡವರಿದ್ದರಲ್ಲ. "ಓದಿದಾಕಿಗೆ ಹಡೆದಾಕಿ ನಾರ್ತಾಳ," ಎಂದು ನೀರಿನ ಟ್ಯಾಂಕಿನ ಹತ್ತಿರ ಸುಂಕಮ್ಮನ ಕಿವಿಗೆ ಬೀಳುವಂತೆಯೇ ಆಡಿದರು. ಅರವತ್ತು ದಿನ ಕಳೆದು ತೊಂಬತ್ತಾಯಿತು, ನೂರಿಪ್ಪತ್ತಾಯಿತು. ಸುಂಕಮ್ಮನಿಗೂ ಹಾಗೇ ಅನಿಸತೊಡಗಿತು.

ಜನವರಿಯಲ್ಲಿ ಅವಳು ಹೊರಟು ಬಂದಳು. ಬರುವ ಮೊದಲು ಎಂಟು ದಿನ ಕೆಲಸಕ್ಕೆ ಹೋಗಿರಲಿಲ್ಲ, ಮೈಗೆ ಬಣ್ಣದ ನೀರು ಸೋಕಿಸಿರಲಿಲ್ಲ. ಹೊಸ ಸೀರೆ ಉಟ್ಟಿದ್ದಳು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಕಾವಲಿನವನು ಅವಳನ್ನು ಗಾಜಿನ ಗೋಡೆಯ ಆಚೆ ನಿಲ್ಲಿಸಿದ. ಮಾತು ಕೇಳಲೆಂದು ಗಾಜಿನಲ್ಲಿ ಅಂಗೈಯಗಲದ ಜಾಲರಿ ಇತ್ತು.

"ಎಂಟು ದಿನ ಆತು ನೀರು ಮುಟ್ಟಿಲ್ಲ," ಎಂದಳು ಸುಂಕಮ್ಮ. "ಬಾಗಿಲಾ ತಗೀ ಹುಲಿಗಿ. ಒಂದು ತುತ್ತು ತಿನಿಸಿ ಹೋಗ್ತೀನಿ."

ಜಾಲರಿಯಿಂದ ವಾಸನೆ ಒಳಗೆ ಬರುತ್ತಿತ್ತು. ಹುಲಿಗೆಮ್ಮ ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

"ಹೋಗವ್ವ."

"ಇಷ್ಟು ದೂರದಿಂದ ಬಂದೀನಿ."

"ಹೋಗು ಅಂದ್ರ ತಿಳೀವಲ್ದೇನು? ನೀ ನಿಂತಲ್ಲಿ ಹೆಣ ನಿಂತಂಗ ಆಗತೈತಿ ನನಗ. ನಿನ್ನ ನೆನಸಿಕೊಂಡ್ರೂ ವಾಂತಿ ಬರ್ತೈತಿ. ಇನ್ನ ಬರಬ್ಯಾಡ ನೀನು. ಯಾವತ್ತೂ ಬರಬ್ಯಾಡ!"

ಒಳಗಿದ್ದ ಹತ್ತು ಜನರೂ ಅದನ್ನು ಕೇಳಿದರು. ಯಾರೂ ಹುಲಿಗೆಮ್ಮನನ್ನು ತಡೆಯಲಿಲ್ಲ. ಸುಂಕಮ್ಮ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಮೆಟ್ಟಿಲ ಹತ್ತಿರ ಇಂದುಮತಿ ಎದುರಾದರು. ಬಿಳಿ ಕೋಟು ನೋಡಿ ಇವರೇ ದೊಡ್ಡವರೆಂದು ಸುಂಕಮ್ಮನಿಗೆ ಗೊತ್ತಾಯಿತು.

"ನಾ ಹುಲಿಗೆಮ್ಮನ ತಾಯಿ ಅದೀನ್ರಿ. ಒಂದು ಮಾತು ಖರೇ ಹೇಳ್ರಿ ನನಗ. ಆಕಿಗೆ ನಿಜವಾಗ್ಲೂ ವಾಸನಿ ಬರ್ತೈತೇನು, ಇಲ್ಲಾ ನಾ ಅಂದ್ರ ಆಕಿಗೆ ನಾಚಿಕೇನು?"

"ನಿಜವಾಗಿಯೂ ಬರುತ್ತಮ್ಮ."

"ನೀವು ಹಂಗ ಅಂತೀರಿ. ನೀವೂ ಓದಿದವರು." ಸುಂಕಮ್ಮ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟಳು. "ಆ ಹನಿ ನನಗೂ ಹಾಕ್ರಿ."

ಇಂದುಮತಿಯವರು ಅವಳನ್ನು ಒಳಗೆ ಕರೆದು ಕೂರಿಸಿದರು. ಬೇರಿನ ಕೋಶದ ತಮ್ಮ ವಿವರಣೆಗೆ ಪುರಾವೆ ಬೇಕಾಗಿತ್ತು. ಹತ್ತಾರು ವರ್ಷ ರಾಸಾಯನಿಕದಲ್ಲೇ ದುಡಿದ, ವಯಸ್ಸಾದ ಒಂದು ಮೂಗು ಅವರ ಪಟ್ಟಿಯಲ್ಲಿ ಇರಲಿಲ್ಲ. ಅಂಥದೊಂದು ಸಿಕ್ಕರೆ ಹನ್ನೊಂದು ಮಕ್ಕಳಿಗೆ ಪರಿಹಾರ ಹುಡುಕಲು ನೆರವಾಗುತ್ತದೆ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆ ಮಾತು ಸುಳ್ಳೂ ಅಲ್ಲ.

"ಇದು ಹೋಗದೇನೇ ಉಳಿಯಬಹುದು. ನಿಮ್ಮ ವಿಷಯದಲ್ಲಿ ಹೋಗೋದೇ ಇಲ್ಲ ಅಂತ ನನಗನಿಸುತ್ತೆ. ಅರ್ಥ ಆಯ್ತಾ?"

"ನನ್ನ ಮಗಳಿಗೂ ಹೋಗಿಲ್ಲಲ್ರಿ."

ಒಪ್ಪಿಗೆ ಪತ್ರ ಓದಿ ಹೇಳಿದರು. ಸುಂಕಮ್ಮ ಮಗಳು ಕಲಿಸಿದ ಅಕ್ಷರಗಳಲ್ಲಿ ಮೆಲ್ಲಗೆ ತನ್ನ ಹೆಸರು ಬರೆದಳು. ತಲೆ ಹಿಂದಕ್ಕೆ ಬಾಗಿಸಿ ಎರಡೆರಡು ಹನಿ ಬಿಟ್ಟರು. ಕ್ರಮಸಂಖ್ಯೆ ನೂರಾ ಇಪ್ಪತ್ತೊಂದು.

ಹುಲಿಗೆಮ್ಮನಿಗೆ ಸುದ್ದಿ ತಿಳಿದದ್ದು ಹನ್ನೆರಡು ದಿನದ ಮೇಲೆ, ಪಕ್ಕದ ಮನೆಯವರ ಫೋನಿನಿಂದ. "ನಿಮ್ಮವ್ವ ಎರಡು ದಿನದಿಂದ ಮನಿಯೊಳಗ ಬರವಲ್ಲಳು. ಮೋರಿ ದಾಟಿ ಬಯಲಾಗ ಕುಂತಾಳ. ಕೈ ನೋಡಾಕ ಆಗಾಂಗಿಲ್ಲ."

ಮುಖಕ್ಕೆ ಮೂರು ಪದರ ಬಟ್ಟೆ ಕಟ್ಟಿಕೊಂಡು ಅವಳು ಹೋದಳು. ಊರಾಚೆಯ ಬಯಲಿನಲ್ಲಿ, ಜಾಲಿಗಿಡಗಳ ಪಕ್ಕದ ಕಲ್ಲಿನ ಮೇಲೆ ಸುಂಕಮ್ಮ ಕುಳಿತಿದ್ದಳು. ಎರಡೂ ಕೈಗಳನ್ನು ಮೈಯಿಂದ ದೂರಕ್ಕೆ ಚಾಚಿದ್ದಳು, ಬೇರೆ ಯಾರದೋ ವಸ್ತುವನ್ನು ಹಿಡಿದುಕೊಂಡವರ ಹಾಗೆ. ಇಟ್ಟಿಗೆಯ ಚೂರಿನಿಂದ ತಿಕ್ಕಿ ತಿಕ್ಕಿ ಮೊಣಕೈವರೆಗೆ ಚರ್ಮ ಎದ್ದಿತ್ತು. ಕೆಂಪಿನ ಕೆಳಗೂ ನೀಲಿಯೇ ಇತ್ತು.

ಗಾಳಿ ಹುಲಿಗೆಮ್ಮನ ಬೆನ್ನಿನ ಕಡೆಯಿಂದ ಬೀಸುತ್ತಿತ್ತು. ಹಾಗಾಗಿ ಅವಳಿಗೆ ಹತ್ತು ಮಾರಿನಷ್ಟು ಹತ್ತಿರಕ್ಕೆ ಹೋಗಿ ಕೂರಲು ಆಯಿತು.

"ಯಾಕ ಹಾಕಿಸಿಕೊಂಡಿ ಅವ್ವ? ಯಾಕ?"

ಸುಂಕಮ್ಮನ ತುಟಿ ಒಣಗಿತ್ತು. ಎರಡು ದಿನದಿಂದ ಏನೂ ಉಂಡಿರಲಿಲ್ಲ. ಕೈಯನ್ನು ಬಾಯಿಯ ಹತ್ತಿರ ತರಲು ಆಗುತ್ತಿರಲಿಲ್ಲ. ಆದರೆ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಹುಲಿಗೆಮ್ಮನಿಗೆ ನೋಡಲು ಕಷ್ಟವಾದದ್ದು ಅದೇ.

"ಮಂದಿ ಅಂದ್ರು, ಓದಿ ನಿನಗ ಸೊಕ್ಕು ಬಂದೈತಿ ಅಂತ. ನಾನೂ ನಂಬಿದ್ದೆ ಹುಲಿಗಿ. ಗಾಜಿನ ಆ ಕಡಿ ನಿಂತು ನೀ ಅಂದ ಮಾತು ಕೇಳಿದ ಮ್ಯಾಗ ಪೂರಾ ನಂಬಿದ್ದೆ." ಅವಳು ಉಸಿರು ಎಳೆದುಕೊಳ್ಳಲು ಹೋಗಿ ತಡೆದಳು. "ಖರೇನ ಐತಿ. ನೀ ಸುಳ್ಳು ಹೇಳಿರಲಿಲ್ಲ. ಇಷ್ಟು ನಾರ್ತಿದ್ನೇನು ನಾನು? ಇದನ್ನ ತಡ್ಕೊಂಡು ಅವತ್ತು ಒಂದಿನ ನೀ ಹೆಂಗ ಇದ್ದಿಯವ್ವ ಮನಿಯಾಗ?"

ಹುಲಿಗೆಮ್ಮ ಮುಖ ಮುಚ್ಚಿಕೊಂಡಳು.

"ಅಳಬ್ಯಾಡ. ನಿಂದೇನು ತಪ್ಪೈತಿ? ನೀ ನನ್ನ ಬಿಟ್ಟು ದೂರ ಹೋದಿ, ಚಲೋ ಮಾಡಿದಿ. ನನಗ ದೂರ ಹೋಗಾಕ ಆಗವಲ್ದು ನೋಡು." ಚಾಚಿದ ಕೈಗಳನ್ನು ಅವಳು ಇನ್ನಷ್ಟು ಆಚೆಗೆ ಒಯ್ದಳು.

"ನಾ ಇಲ್ಲೇ ಇರ್ತೀನವ್ವ. ನಿನಗ ಉಣಿಸ್ತೀನಿ. ಹೆಂಗಾರ ಇರ್ತೀನಿ," ಎಂದು ಹುಲಿಗೆಮ್ಮ ಎದ್ದು ಎರಡು ಹೆಜ್ಜೆ ಮುಂದೆ ಬಂದಳು. ಆ ಮಾತನ್ನು ಅವಳು ಮನಸಾರೆ ಆಡಿದ್ದಳು.

ಜಾಲಿಯ ಎಲೆಗಳು ಅಲುಗಿದವು. ಸುಂಕಮ್ಮ ತಲೆ ಎತ್ತಿ ನೋಡಿದಳು.

"ಗಾಳಿ ನಿನ್ನ ಕಡಿ ತಿರುಗಾಕತ್ತೈತಿ," ಎಂದಳು. "ಲಗೂ ಹೋಗು."

ಹುಲಿಗೆಮ್ಮ ನಿಂತಳು. ವಾಸನೆ ಬಂದು ಮುಖಕ್ಕೆ ಬಡಿಯಿತು. ಮೊದಲು ಎರಡು ಹೆಜ್ಜೆ ಹಿಂದೆ ಸರಿದಳು, ಆಮೇಲೆ ತಿರುಗಿದಳು, ಆಮೇಲೆ ಓಡಿದಳು.